ಮಾವನ ಗಾಡಿಗೆ ಉಣಿಸಿದ ಮುದ್ದೆ

ಹಿರಿಯೂರಿನಲ್ಲಿ ಸಂಜೆ ಹೊತ್ತು ನಾವು ಕೆಲವರು ನಿವೃತ್ತರು ವೇದಾವತಿ ಸೇತುವೆಯ ಈಚೆಗಿರುವ ಕಟ್ಟೆಯ ಮೇಲೆ ಕೂರುತ್ತೇವೆ. ಮಾತು ಸಕ್ಕರೆ ಕಾಯಿಲೆಯಿಂದ ಶುರುವಾಗಿ ಮಂಡಿನೋವಿಗೆ ಬಂದು, ಅಲ್ಲಿಂದ ಮೆಲ್ಲಗೆ ಕೆಳಗಿಳಿಯುತ್ತದೆ. ಆಗ ಯಾರಾದರೊಬ್ಬರು ಪಂಚೆ ಸರಿಸಿ ಮೊಣಕಾಲಿನ ಕೆಳಗಿರುವ ಹಳೆಯ ಗಾಯದ ಗುರುತು ತೋರಿಸುತ್ತಾರೆ. ಮೋಟಾರ್‌ಸೈಕಲ್ಲಿನ ಕಿಕ್ಕರ್ ತಿರುಗಿ ಹೊಡೆದ ಗುರುತು. ಇನ್ನೊಬ್ಬರು ಅದಕ್ಕಿಂತ ದೊಡ್ಡದನ್ನು ತೋರಿಸುತ್ತಾರೆ. ಈಗ ಗುಂಡಿ ಒತ್ತಿದರೆ ಹೊರಡುವ ಗಾಡಿಗಳು ಬಂದಿವೆ, ಇನ್ನು ಮುಂದೆ ಇಂಥ ಗುರುತು ಯಾರ ಕಾಲಿಗೂ ಆಗುವುದಿಲ್ಲ ಎಂದು ಹೇಳುವಾಗ ಅವರ ದನಿ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರ ದನಿಯಂತಿರುತ್ತದೆ.

ನನ್ನ ಕಾಲು ನುಣ್ಣಗಿದೆ. ಅವರು ತೋರಿಸುವ ಹೊತ್ತಿಗೆ ನಾನು ಪಂಚೆಯನ್ನು ಪಾದದವರೆಗೆ ಎಳೆದುಕೊಂಡು, ಹೊಳೆಯಲ್ಲಿ ನೀರಿದೆಯೇ ಎಂದು ಬಗ್ಗಿ ನೋಡುತ್ತೇನೆ. ಸಾಮಾನ್ಯವಾಗಿ ಇರುವುದಿಲ್ಲ.

ನಿಮಗೆ ಹೇಳಿಬಿಡುವುದೇ ವಾಸಿ. ನನಗೆ ಮೋಟಾರ್‌ಸೈಕಲ್ ಓಡಿಸಲು ಬರುವುದಿಲ್ಲ. ಬರುತ್ತದೆ ಎಂದು ಒಂದು ಸಲ, ಒಂದೇ ಸಲ, ಹೇಳಿದೆ. ಅದರ ಕಥೆ ಇದು.

ನಾನು ಹುಟ್ಟಿ ಬೆಳೆದದ್ದು ಹೊಳಲ್ಕೆರೆಯಲ್ಲಿ. ಮನೆಯ ಹಿಂದೆಯೇ ಹಿಟ್ಟಿನ ಗಿರಣಿ. ಅದರ ಇಂಜಿನ್ನು ಶುರುವಾಗುವ ಮುಂಚೆ ಒಂದು ಸಲ ದೊಡ್ಡದಾಗಿ ಕೆಮ್ಮುತ್ತಿತ್ತು. ಆ ಕೆಮ್ಮು ಕೇಳಿದರೆ ನಾನು ರಾಗಿಯ ಚೀಲವನ್ನು ಅಲ್ಲೇ ಬಿಟ್ಟು ಓಡುತ್ತಿದ್ದೆ. ಭಯ ಹೋಗಲಿ ಎಂದು ಅಮ್ಮ ನನ್ನನ್ನೇ ಮತ್ತೆ ಮತ್ತೆ ಗಿರಣಿಗೆ ಕಳಿಸುತ್ತಿದ್ದಳು. ಭಯ ಹೋಗಲಿಲ್ಲ. ಹಿಟ್ಟು ಮಾತ್ರ ಮನೆಗೆ ಬರುತ್ತಿತ್ತು, ಬೇರೆಯವರ ಕೈಯಲ್ಲಿ. ಹೀಗಿರುವ ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಹಿರಿಯೂರಿನ ಪಕ್ಕದ ಬಬ್ಬೂರಿನ ಕೃಷಿ ಫಾರ್ಮಿನಲ್ಲಿ ನೀರಿನ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಕರೆಂಟಿನ ಪಂಪು. ಸ್ವಿಚ್ ಮೇಲೆತ್ತಿದರೆ ನೀರು, ಕೆಳಗಿಳಿಸಿದರೆ ಇಲ್ಲ. ನನ್ನ ಸ್ವಭಾವಕ್ಕೆ ಹೊಂದುವ ಯಂತ್ರ.

ಫಾರ್ಮಿನಲ್ಲಿ ತಿಪ್ಪೇಸ್ವಾಮಿ ಎಂಬ ಸ್ನೇಹಿತನಿದ್ದ. ಅವನ ಹತ್ತಿರ ಗಾಡಿ ಇತ್ತು. ಒಂದು ರಜಾ ದಿನ ನನಗೆ ಕಲಿಸುತ್ತೇನೆಂದು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ, ಚಂದ್ರವಳ್ಳಿಯ ದಾರಿಯಲ್ಲಿ ಜನ ಕಡಿಮೆ ಇರುವ ಕಡೆ ನಿಲ್ಲಿಸಿದ. ಕ್ಲಚ್ಚನ್ನು ಮೆಲ್ಲಗೆ ಬಿಡು ಎಂದ. ನಾನು ಒಮ್ಮೆಲೇ ಬಿಟ್ಟೆ. ಗಾಡಿ ಹೋಯಿತು, ನಾನು ಹೋಗಲಿಲ್ಲ. ಗುಹೆ ನೋಡಲು ಬಂದಿದ್ದ ಶಾಲೆಯ ಮಕ್ಕಳು ಗುಹೆಯನ್ನು ಬಿಟ್ಟು ನನ್ನನ್ನು ನೋಡಿದರು. ತಿಪ್ಪೇಸ್ವಾಮಿ ಗಾಡಿಯನ್ನು ಎತ್ತಿ, ಮಣ್ಣು ಒರೆಸಿ, ಅದರ ಕ್ಷೇಮ ವಿಚಾರಿಸಿದ ಮೇಲೆ ನನ್ನ ಕಡೆ ತಿರುಗಿ, "ನಿಂಗೆ ಸೈಕಲ್ಲೇ ಸರಿ ಬಿಡಪ್ಪ" ಎಂದ.

ಅದೇ ತಿಪ್ಪೇಸ್ವಾಮಿಯ ಹಿಂದೆ ಕೂತು ನಾನು ಹೊಸದುರ್ಗದ ಆಚೆ ಮಾಡದಕೆರೆಗೆ ಹೆಣ್ಣು ನೋಡಲು ಹೋದದ್ದು. ಮನೆಯ ಮುಂದೆ ಇಳಿದಾಗ ಅವನು ಗಾಡಿಗೆ ಕಟ್ಟಿದ್ದ ಬಾಳೆಹಣ್ಣಿನ ಗೊನೆ ಬಿಚ್ಚಬೇಕಾಗಿತ್ತು, ಕೀಯನ್ನು ನನ್ನ ಕೈಗೆ ಕೊಟ್ಟ. ಬೆರಳಿಗೆ ಕೀ ಸಿಕ್ಕಿದರೆ ಅದು ತಾನಾಗಿ ತಿರುಗುತ್ತದೆ. ನೀವೂ ಬೇಕಾದರೆ ನೋಡಿ. ನಾನು ಕೀ ತಿರುಗಿಸುತ್ತಾ ಜಗಲಿ ಹತ್ತಿದೆ. ತೆಂಗಿನಕಾಯಿ ವ್ಯಾಪಾರದ ಮಲ್ಲಪ್ಪನವರು, ಅಂದರೆ ಮುಂದೆ ನನ್ನ ಮಾವನಾದವರು, ಆ ಕೀಯನ್ನೇ ನೋಡಿದರು.

"ಗಾಡಿ ನಿಮ್ದೇನು?"

"ಇಲ್ಲ, ಸ್ನೇಹಿತಂದು" ಎಂದೆ. ಅದು ನಿಜ.

"ಓಡಿಸ್ತೀರಾ?"

ಆ ಹೊತ್ತಿಗೆ ಸರಿಯಾಗಿ ಶಾರದೆ ಮಂಡಕ್ಕಿಯ ತಟ್ಟೆ ಹಿಡಿದು ಒಳಗಿನಿಂದ ಬಂದಳು. ನಾನು ಅವಳನ್ನು ನೋಡಿಕೊಂಡು, "ಅಭ್ಯಾಸ ಐತೆ" ಎಂದೆ.

ಮದುವೆಯಾಯಿತು. ಶಾರದೆಗೆ ನಿಜ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಹಿರಿಯೂರಿಗೆ ಬಂದ ಮೇಲೆ ನನ್ನ ಸೈಕಲ್ಲಿನ ಹಿಂದೆ ಕೂತು, ಒಂದು ಲಾರಿಯ ಹಾರನ್ನಿಗೆ ನಾನು ಸೈಕಲ್ ಸಮೇತ ಚರಂಡಿಯ ಪಕ್ಕಕ್ಕೆ ಇಳಿದದ್ದನ್ನು ನೋಡಿದಳು. "ಅಪ್ಪಂಗೆ ಹೇಳಬ್ಯಾಡ್ರಿ, ನೊಂದ್ಕಂತಾರೆ" ಎಂದಳು. ಅಷ್ಟೇ. ಅವಳ ದೊಡ್ಡತನದ ಮೇಲೆ ನನ್ನ ಸುಳ್ಳು ಬಹಳ ವರ್ಷ ಸುಖವಾಗಿ ಬಾಳಿತು.

ಅದಕ್ಕೆ ಇನ್ನೊಂದು ಆಸರೆಯೂ ಇತ್ತು. ಮಾವನಿಗೆ ಒಂದು ಮೋಟಾರ್‌ಸೈಕಲ್ ಇತ್ತು. ಕಂಪನಿಯ ಹೆಸರು ಬೇಡ, ತಪ್ಪು ಕಂಪನಿಯದಲ್ಲ. ನಮ್ಮ ಮದುವೆಯಾದ ಹೊಸದರಲ್ಲೇ ಅದು ಕೆಟ್ಟು, ಕಾಯಿ ತುಂಬುವ ಗೋಣಿಚೀಲಗಳ ಕೆಳಗೆ ಮಲಗಿತ್ತು. ಹೋದಾಗಲೆಲ್ಲ ಮಾವ, "ಗಾಡಿ ಸರಿ ಇದ್ದಿದ್ರೆ ಅಳಿಯಂದ್ರು ಒಂದು ರೌಂಡು ಹೊಡ್ಕಂಡು ಬರ್ತಿದ್ರು" ಎನ್ನುತ್ತಿದ್ದರು. ನಾನು ಗೋಣಿಚೀಲಗಳ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದೆ. ನಿಟ್ಟುಸಿರು ಮನಃಪೂರ್ವಕವಾಗಿಯೇ ಬರುತ್ತಿತ್ತು.

ನನ್ನ ಈ ನೆಮ್ಮದಿಯನ್ನು ಕೆಡಿಸಿದವನು ರುದ್ರೇಶ. ಶಾರದೆಯ ಕೊನೆಯ ತಮ್ಮ. ನಮ್ಮ ಮದುವೆಯಲ್ಲಿ ಚಡ್ಡಿ ಹಾಕಿಕೊಂಡು ಅಕ್ಷತೆ ಎರಚಿದವನು, ತೊಂಬತ್ತರ ದಶಕದ ಹೊತ್ತಿಗೆ ಗಡ್ಡ ಬಿಟ್ಟು, ಚಿತ್ರದುರ್ಗದ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದಿದ್ದ. ಮಗ ಕೈ ಮಸಿ ಮಾಡಿಕೊಳ್ಳುವುದು ಮಾವನಿಗೆ ಇಷ್ಟವಿರಲಿಲ್ಲ. ಕಾಯಿ ವ್ಯಾಪಾರ ನೋಡಿಕೊಳ್ಳಲಿ ಎಂದು ಅವರ ಆಸೆ. ಆದರೆ ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಮಳಿಗೆ ಖಾಲಿಯಾಗಿತ್ತು. ಗೊಬ್ಬರದ ಅಂಗಡಿಯವನೊಬ್ಬ ಬಾಡಿಗೆಗೆ ಕೇಳುತ್ತಿದ್ದ. ರುದ್ರೇಶ ಅದನ್ನು ಗ್ಯಾರೇಜಿಗೆ ಕೇಳಿದ. ಕೊನೆಗೆ ಮಾವ ಒಂದು ಮಾತು ಹೇಳಿದರು: "ಮನ್ಯಾಗೆ ಸತ್ತು ಬಿದ್ದಿರೋ ಗಾಡಿನ ಎಬ್ಬಿಸು. ಹೊಸದುರ್ಗಕ್ಕೆ ಹೋಗಿ ತಿರುಗಿ ಬರ್ಲಿ. ಬಂದ್ರೆ ಮಳಿಗೆ ನಿಂದು. ಬರ್ಲಿಲ್ಲಾ, ಕಾಯಿ ಎಣಿಸ್ತಾ ಕುಂತ್ಕಳಾದು."

ರುದ್ರೇಶ ಇಂಜಿನ್ನನ್ನು ಪೂರ್ತಿ ಬಿಚ್ಚಿದ. ಚಿತ್ರದುರ್ಗಕ್ಕೆ ಹೊತ್ತುಕೊಂಡು ಹೋಗಿ, ಸವೆದಿದ್ದ ಸಿಲಿಂಡರನ್ನು ಬೋರ್ ಮಾಡಿಸಿದ. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ವೈರು ಹಾಕಿ ಮತ್ತೆ ಕಟ್ಟಿದ. ಟ್ಯಾಂಕಿಗೆ ಕೆಂಪು ಬಣ್ಣ ಬಳಿಸಿದ. ಎಲ್ಲ ಆದ ಮೇಲೆ ಮಾವ ನಮಗೆ ಹೇಳಿಕಳಿಸಿದರು. ಹಿರಿಯ ಅಳಿಯನೇ ಮೊದಲ ಕಿಕ್ ಹೊಡೆಯಬೇಕು, ಹೊಸದುರ್ಗದವರೆಗೆ ಓಡಿಸಬೇಕು, ತಾವು ಹಿಂದೆ ಕೂರಬೇಕು ಎಂದು ಅವರ ತೀರ್ಮಾನ.

ನಾವು ಬಸ್ಸಿನಲ್ಲಿ ಶನಿವಾರ ಬೆಳಿಗ್ಗೆ ಹೋಗಿ ಇಳಿದೆವು. ಗಾಡಿ ಅಂಗಳದಲ್ಲಿ ಮದುಮಗನಂತೆ ನಿಂತಿತ್ತು. ರುದ್ರೇಶ ನನ್ನನ್ನು ಪಕ್ಕಕ್ಕೆ ಕರೆದ.

"ಭಾವ, ನೀವಾದ್ರೂ ಹೇಳ್ರಿ. ಇಂಜಿನ್ ಕಟ್ಟಿದ ಮ್ಯಾಲೆ ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಬೇಕು. ಅಪ್ಪ ಬಿಡ್ತಾ ಇಲ್ಲ."

ಮಾವನಿಗೆ ಕೇಳಿಸಿತು. "ಪೂಜಿ ಆಗಾಕಿಂತ ಮುಂಚೆ ಅದ್ರ ಸದ್ದು ಹೊರಗೆ ಬರಬಾರ್ದು ಕಣಲೇ. ತಾಳಿ ಕಟ್ಟಾಕಿಂತ ಮುಂಚೆ ಹೆಣ್ಣು ಗಂಡನ ಮನಿಗೆ ಹೋಗ್ತೈತೇನು?"

"ಅಪ್ಪ, ಇದು ಇಂಜಿನ್."

"ಅದಕ್ಕೂ ಮರ್ಯಾದಿ ಐತೆ."

ಹೀಗಾಗಿ ಆ ಗಾಡಿ ಒಂದು ಸಲವೂ ಸದ್ದು ಮಾಡದೆ, ಆಗುತ್ತದೋ ಇಲ್ಲವೋ ಎಂದು ಕಟ್ಟಿದವನಿಗೇ ಖಾತ್ರಿಯಾಗದೆ, ಸಂಜೆಯ ಪೂಜೆಗೆ ಕಾದು ನಿಂತಿತು. ಈ ಒಂದು ವಿಷಯವನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಮಾಡಿದ್ದು ಯಾರಿಗೂ ಗೊತ್ತಾಗದೆ ನಡೆದದ್ದು ಇದರಿಂದಲೇ.

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವ ಪದಾರ್ಥ. ನುಂಗಬೇಕಾದರೆ ಮನಸ್ಸಿಗೆ ಸಮಾಧಾನವಿರಬೇಕು. ನನಗೆ ತುತ್ತು ಇಳಿಯಲಿಲ್ಲ. ಮಾವನನ್ನು ಹಿಂದೆ ಕೂರಿಸಿಕೊಂಡು ಹೊಸದುರ್ಗದ ರಸ್ತೆಯಲ್ಲಿ ಬಸ್ಸಿಗೆ ಎದುರಾಗುವ ಚಿತ್ರವೇ ಕಣ್ಣ ಮುಂದೆ. ಅಷ್ಟರಲ್ಲಿ ಅತ್ತೆ ಎರಡನೆಯ ಮುದ್ದೆ ಹಾಕಿದರು. ಬೇಡ ಎಂದರೆ ಅವರು ಬಿಡುವವರಲ್ಲ. ಅವರು ಒಳಗೆ ಹೋದಾಗ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಕೈ ತೊಳೆಯುವ ನೆಪದಲ್ಲಿ ಎದ್ದೆ. ದನಕ್ಕೆ ಹಾಕೋಣವೆಂದು ಕೊಟ್ಟಿಗೆಗೆ ಹೋದೆ. ದನಗಳು ಮೇಯಲು ಹೋಗಿದ್ದವು. ಅವುಗಳ ಜಾಗದಲ್ಲಿ, ಬಿಸಿಲು ತಾಗದಿರಲೆಂದು ಅಂಗಳದಿಂದ ತಳ್ಳಿ ತಂದಿದ್ದ ಗಾಡಿ ಇತ್ತು.

ನಾನು ಮೊದಲೇ ಯೋಚಿಸಿ ಮಾಡಿದೆ ಎಂದರೆ ನನ್ನ ಬುದ್ಧಿಯನ್ನು ಹೊಗಳಿಕೊಂಡಂತೆ ಆಗುತ್ತದೆ. ಮನೆಯವರೆಲ್ಲ ಉಂಡು ಅಡ್ಡಾಗಿದ್ದರು. ಹೊಗೆ ಹೊರಬೀಳುವ ಸೈಲೆನ್ಸರಿನ ಬಾಯಿ ನನ್ನ ಕಡೆಗೇ ತೆರೆದುಕೊಂಡಿತ್ತು. ಮುದ್ದೆ ಇನ್ನೂ ಬಿಸಿಯಾಗಿ, ಮೆತ್ತಗಿತ್ತು. ಸ್ವಲ್ಪ ಸ್ವಲ್ಪವೇ ಹಾಕಿ, ತೊಗರಿ ಕಡ್ಡಿಯಿಂದ ಒಳಕ್ಕೆ ದೂಡಿದೆ. ಮಗುವಿಗೆ ಉಣಿಸಿದಂತೆ ಪೂರ್ತಿ ಉಣಿಸಿ, ಬಾಯಿ ಒರೆಸಿ, ಬಂದು ಎಲ್ಲರ ಜೊತೆ ಮಲಗಿದೆ. ಅತ್ತೆ ಶಾರದೆಗೆ, "ಅಳಿಯಂದ್ರು ಇವತ್ತು ಚೆನ್ನಾಗಿ ಉಂಡ್ರು ಕಣೆ" ಎಂದು ಸಂತೋಷಪಡುತ್ತಿದ್ದುದು ಕೇಳಿಸಿತು.

ಸಂಜೆ ಪೂಜೆಯಾಯಿತು. ಟ್ಯಾಂಕಿಗೆ ವಿಭೂತಿ, ಗಾಲಿಯ ಕೆಳಗೆ ನಿಂಬೆಹಣ್ಣು. ಮಾವ ಹೊಸ ಟವೆಲ್ ಹೊದ್ದುಕೊಂಡು ಹಿಂದಿನ ಸೀಟಿನಲ್ಲಿ ಕೂತರು. "ಹೊಡೀರಿ" ಎಂದರು. ನಾನು ಕಿಕ್ ಹೊಡೆದೆ. ಗಾಡಿ ಒಮ್ಮೆ ಕೆಮ್ಮಿತು. ಗಿರಣಿಯ ಅದೇ ಕೆಮ್ಮು. ನಾನು ಗಾಡಿಯಿಂದ ಅರ್ಧ ಇಳಿದೇಬಿಟ್ಟೆ. ಆಮೇಲೆ ಸದ್ದಿಲ್ಲ. ಮತ್ತೆ ಹೊಡೆದೆ, ರುದ್ರೇಶ ಹೊಡೆದ, ಪಕ್ಕದ ಮನೆಯ ಚನ್ನಬಸಣ್ಣ ಬಂದು ಹೊಡೆದ. ಚನ್ನಬಸಣ್ಣನ ಹತ್ತಿರ ಮೊಪೆಡ್ ಇತ್ತು, ಆದ್ದರಿಂದ ಊರಿಗೆ ಅವನೇ ತಜ್ಞ.

ರುದ್ರೇಶ ಪ್ಲಗ್ ಬಿಚ್ಚಿ ನೋಡಿದ. ಕಿಡಿ ನೀಲಿಯಾಗಿ ಹಾರುತ್ತಿತ್ತು. "ಕರೆಂಟ್ ಬರ್ತೈತೆ" ಎಂದ.

"ಪೆಟ್ರೋಲ್ ಬರ್ತೈತೇನು?" ಚನ್ನಬಸಣ್ಣ ಕೇಳಿದ.

"ಬರ್ತೈತೆ."

"ಹಂಗಾದ್ರೆ ಪಿಸ್ಟನ್ ಹಿಂದು ಮುಂದಾಗಿ ಕುಂತೈತೆ."

"ಇಲ್ಲ ಚನ್ನಬಸಣ್ಣ, ಪಿಸ್ಟನ್ ಮ್ಯಾಲಿನ ಬಾಣದ ಗುರುತು ನೋಡೇ ಕುಂದ್ರಿಸಿದ್ದೀನಿ."

"ಬಾಣ ನೋಡಿದ್ಯಾ, ಬಾಣ ಯಾವ ಕಡೀಗೆ ಅಂತ ನೋಡಿದ್ಯಾ?"

ರುದ್ರೇಶನ ಮುಖದಲ್ಲಿ ಮೊದಲ ಅನುಮಾನ ಹುಟ್ಟಿದ್ದನ್ನು ನಾನು ನೋಡಿದೆ. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ನಾನೂ ಒಂದು ಸಲಹೆ ಕೊಟ್ಟೆ. ಪೆಟ್ರೋಲ್ ಕಲಬೆರಕೆ ಇರಬಹುದು ಎಂದೆ. ಭಾವ ಗಾಡಿ ಬಲ್ಲವರು ಎಂದು ಅವನು ನನ್ನ ಮಾತಿಗೆ ಬೆಲೆ ಕೊಟ್ಟು, ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಕಾರ್ಬೊರೇಟರ್ ಬಿಚ್ಚಿ ತೊಳೆದ. ನಾನು ಬಟ್ಟೆ ಹಿಡಿದುಕೊಂಡಿದ್ದೆ.

ತಳ್ಳಿ ನೋಡೋಣ ಎಂದು ತೀರ್ಮಾನವಾಯಿತು. ಹ್ಯಾಂಡಲ್ ಹಿಡಿಯಲು ಅನುಭವಸ್ಥರು ಬೇಕು ಎಂದು ನನ್ನನ್ನು ಕೂರಿಸಿದರು. ಓಣಿಯ ಇಳಿಜಾರಿನಲ್ಲಿ ಮೂರು ನಾಲ್ಕು ಜನ ತಳ್ಳಿದರು. ಗಾಡಿ ಸದ್ದಿಲ್ಲದೆ, ಮೆತ್ತಗೆ, ನನ್ನ ಸೈಕಲ್ಲಿನಂತೆಯೇ ಹೋಗುತ್ತಿತ್ತು. ನಾನು ಮಾಡಿದ ಒಂದೇ ಮೋಟಾರ್‌ಸೈಕಲ್ ಸವಾರಿ ಅದು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಓಡಿಸಿದೆ. ಜಗಲಿಗಳ ಮೇಲಿದ್ದವರು ನೋಡುತ್ತಿದ್ದರು. ಮೇವಿನ ಬಣವೆಯ ಹತ್ತಿರ ಅದು ತಾನಾಗಿ ನಿಂತಾಗ ನನಗೆ ಸ್ವಲ್ಪ ಬೇಸರವೇ ಆಯಿತು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಸೈಲೆನ್ಸರಿನ ಬಾಯಿಗೆ ಇರುವೆಗಳ ಸಾಲು. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ಇದೇನಿದು, ಗಾಡಿಗೆ ಇರುವೆ ಹತ್ತೈತೆ?"

"ಪೂಜೆಯ ಬೆಲ್ಲ ಬಿದ್ದಿರಬೇಕು" ಎಂದೆ. ಅವರು ಒಳಗಿನಿಂದ ಅರಿಶಿನ ತಂದು ಸೈಲೆನ್ಸರಿನ ಸುತ್ತ ಉದುರಿಸಿದರು.

ರುದ್ರೇಶ ರಾತ್ರಿ ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆಯೇ ಗೋಣಿಚೀಲ ಹಾಸಿ ಇಂಜಿನ್ನಿನ ಹೆಡ್ ಬಿಚ್ಚಿದ. ಪಿಸ್ಟನ್ ಸರಿಯಾಗಿತ್ತು, ಬಾಣವೂ ಇರಬೇಕಾದ ಕಡೆಗೇ ಇತ್ತು. ಪಾಯಿಂಟ್ ಬಿಚ್ಚಿ ಉಜ್ಜಿದ. ಕಿಡಿ ಸರಿಯಾದ ಹೊತ್ತಿಗೆ ಹಾರುತ್ತದೆಯೇ ಎಂದು ಟೈಮಿಂಗ್ ನೋಡಿದ, ಮತ್ತೆ ನೋಡಿದ. ಸರಿಯಾಗಿರುವುದನ್ನು ಎಷ್ಟು ಸಲ ಸರಿ ಮಾಡಿದರೂ ಗಾಡಿ ಕೆಮ್ಮಿ ಸುಮ್ಮನಾಗುತ್ತಿತ್ತು. ಮಾವ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಮಾವ ಊಟಕ್ಕೆ ಎದ್ದು ಹೋದಾಗ ಅವನು ಬಂದು ನನ್ನ ಪಕ್ಕ ಒರಳುಕಲ್ಲಿನ ಮೇಲೆ ಕೂತ. ಕೈ ಮೊಣಕೈವರೆಗೆ ಕಪ್ಪಾಗಿತ್ತು.

"ಭಾವ, ಒಂದು ಕೇಳ್ಲಾ? ಈ ಕೆಲ್ಸ ನಂಗೆ ಬರಲ್ವೇನೋ. ಬರ್ತೈತೆ ಅಂತ ನಾನೇ ಅಂದ್ಕಂಡಿದ್ನೇನೋ."

ಬಾರದ್ದನ್ನು ಬರುತ್ತದೆ ಎಂದವನ ಮುಂದೆ, ಬರುವುದನ್ನು ಬಾರದು ಎನ್ನುತ್ತಾ ಕೂತಿದ್ದ. ನಾನು ಎದ್ದು ಗಾಡಿಯ ಹಿಂದೆ ಹೋದೆ. ಕಡ್ಡಿ ಹಾಕಿ ತೆಗೆದುಬಿಡೋಣ, ಯಾರಿಗೂ ಗೊತ್ತಾಗದ ಹಾಗೆ ಮುಗಿದುಹೋಗಲಿ ಎಂದುಕೊಂಡೆ. ಕಡ್ಡಿ ಮುರಿಯಿತು. ಬಿಸಿಲಿಗೆ ಮುದ್ದೆ ಕಲ್ಲಾಗಿತ್ತು. ತಲೆ ಎತ್ತಿದರೆ ರುದ್ರೇಶ ನಿಂತು ನೋಡುತ್ತಿದ್ದ.

"ಏನ್ ಮಾಡ್ತಾ ಇದೀರಿ ಭಾವ?"

"ಲೇ ರುದ್ರೇಶ, ಇದ್ರಾಗೆ ಮುದ್ದೆ ಐತೆ" ಎಂದೆ.

"ಮುದ್ದೆ?"

"ರಾಗಿ ಮುದ್ದೆ."

"ಯಾರ್ ಹಾಕಿದ್ದು?"

"ನಾನು."

ನಾನೇ ಹೇಳಿದೆ. ಕೀ ತಿರುಗಿಸಿದ್ದು, ಚಂದ್ರವಳ್ಳಿ, ಎಲ್ಲ. ಅವನು ಬೈಯಲಿಲ್ಲ. ಸ್ಪ್ಯಾನರ್ ತಂದು ಸೈಲೆನ್ಸರ್ ಬಿಚ್ಚಿ, ಕಾಯಿಮನೆಯ ಹಿಂದಕ್ಕೆ ಒಯ್ದು, ಒಣ ಚಿಪ್ಪಿನ ಬೆಂಕಿ ಮಾಡಿ ಅದರಲ್ಲಿಟ್ಟ. ಸೀದ ರೊಟ್ಟಿಯ ವಾಸನೆ ಬಂತು. ಮುದ್ದೆ ಚೂರುಚೂರಾಗಿ ಉದುರಿತು. ಬೆಂಕಿ ನೋಡುತ್ತಾ ಹೇಳಿದ: "ಅಪ್ಪಂಗೆ ಗೊತ್ತಾಗೋದು ಬ್ಯಾಡ. ಸುಳ್ಳು ಹೇಳಿ ಮದುವಿ ಆದ ಅಂತ ಜೀವ ಇರೋ ತನಕ ಅಂತಾರೆ. ಅಕ್ಕ ಈ ಮನಿಗೆ ಬರಂಗಿರಲ್ಲ."

ನಾನು ಆಗ ಏನು ಹೇಳಬೇಕಿತ್ತೋ ಅದು ನನಗೆ ಗೊತ್ತಿತ್ತು. ನಾನು ಹೇಳಿದ್ದು, "ನೀನು ಹೇಳ್ದಂಗೆ" ಎಂದು.

ಸೈಲೆನ್ಸರ್ ಕಟ್ಟಿದ. ಒಂದೇ ಕಿಕ್. ಆ ಸದ್ದಿಗೆ ಮಾವ ಎಂಜಲು ಕೈಯಲ್ಲೇ ಹೊರಗೆ ಬಂದರು. ಮುಖದಲ್ಲಿ ಒಂದು ಕ್ಷಣ ಮಗುವಿನ ಸಂತೋಷ. ಆಮೇಲೆ ವ್ಯಾಪಾರದ ಮುಖ ಬಂತು.

"ಏನಾಗಿತ್ತಲೇ?"

ರುದ್ರೇಶ ನನ್ನ ಕಡೆ ನೋಡಲಿಲ್ಲ. "ಟೈಮಿಂಗ್ ತಪ್ಪಾಗಿ ಇಟ್ಟಿದ್ದೆ, ಅಪ್ಪ."

"ನಿಂದೇ ತಪ್ಪಾ?"

"ಹೂಂ."

"ಮನಿ ಗಾಡಿಗೇ ಎರಡು ದಿನ ಬೇಕಾದ್ರೆ, ಊರ್ನೋರ ಗಾಡಿ ಯಾವಾಗ ಮಾಡ್ತೀಯ?"

ನಾನು ಅಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಇತ್ತು, ನಾಲಿಗೆ ಇತ್ತು. "ಬರ್ರಿ ಅಳಿಯಂದ್ರೆ, ಹೋಗಾಣ" ಎಂದು ಮಾವ ನನ್ನನ್ನು ಕರೆದಾಗ ಮಾತ್ರ ಅದು ಕೆಲಸ ಮಾಡಿತು. ತಳ್ಳುವಾಗ ಕಾಲು ಉಳುಕಿದೆ ಎಂದೆ. ತಳ್ಳಿದವರು ಬೇರೆಯವರು, ನಾನು ಮೇಲೆ ಕೂತಿದ್ದೆ ಎಂಬುದು ಯಾರಿಗೂ ನೆನಪಾಗಲಿಲ್ಲ. ರುದ್ರೇಶನೇ ಅಪ್ಪನನ್ನು ಕೂರಿಸಿಕೊಂಡು ಹೋದ. ಗಾಡಿ ಹೊಸದುರ್ಗಕ್ಕೆ ಹೋಗಿ, ಎಲ್ಲಿಯೂ ನಿಲ್ಲದೆ ತಿರುಗಿ ಬಂತು. ಆದರೆ ಮಾವ ಅಲ್ಲಿ ಗೊಬ್ಬರದವನನ್ನು ಕಂಡು ಮಳಿಗೆಯ ಬಾಡಿಗೆಯ ಮಾತು ಮುಗಿಸಿಯೇ ಬಂದಿದ್ದರು.

ಮುದ್ದೆ ತುರುಕಿದ್ದು ಮಧ್ಯಾಹ್ನದ ಒಂದು ಗಳಿಗೆಯ ಕೆಲಸ. ಅದನ್ನು ನೀವು ನಕ್ಕು ಬಿಡಬಹುದು. ನಾನೂ ಕೆಲವು ಸಲ ನಕ್ಕಿದ್ದೇನೆ. ಸುಮ್ಮನಿದ್ದದ್ದು ಮಾತ್ರ ವರ್ಷಗಟ್ಟಲೆ ಮಾಡಿದ ಕೆಲಸ. ಹಬ್ಬಕ್ಕೆ ಹೋದೆ, ನಾಮಕರಣಕ್ಕೆ ಹೋದೆ, ರುದ್ರೇಶನ ಮದುವೆಗೆ ಹೋಗಿ ಹಿರಿಯ ಭಾವನಾಗಿ ಮುಂದಿನ ಸಾಲಿನಲ್ಲಿ ಕೂತೆ. ಹೋದಾಗಲೆಲ್ಲ ಅವನು ಕಾಯಿ ಎಣಿಸುತ್ತಿದ್ದ. ಆ ಗಾಡಿಯನ್ನು ಮಾವ ಮಾರಿದರು. ಊರಿನಲ್ಲಿ ಯಾರಾದರೂ ಗಾಡಿ ನಿಲ್ಲಿಸಿ, "ರುದ್ರೇಶಣ್ಣ, ಸ್ವಲ್ಪ ನೋಡು" ಎಂದರೆ, ಮಾವ ಜಗಲಿಯಿಂದಲೇ, "ಅವನಿಗೆ ಅದು ಬರಲ್ಲಪ್ಪ, ಹೊಸದುರ್ಗಕ್ಕೆ ಹೋಗು" ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಅವರು ಹಾಗೆಂದೇ ನಂಬಿದ್ದರು. ಹಾಗೆ ನಂಬಿಕೊಂಡೇ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ನಾನು ಬಹಳ ಅತ್ತೆ. ಅಳಿಯನಿಗೆ ಎಷ್ಟು ಪ್ರೀತಿ ಎಂದು ಜನ ಮಾತಾಡಿಕೊಂಡರು.

ಇದನ್ನು ಬರೆದ ಮೇಲೆ ಮೊದಲು ಶಾರದೆಗೆ ಓದಿ ಹೇಳಿದೆ. ಮದುವೆಯ ಸುಳ್ಳು ಅವಳಿಗೆ ಗೊತ್ತಿತ್ತು. ತಮ್ಮನ ಮಳಿಗೆ ಯಾಕೆ ಹೋಯಿತೆಂಬುದು ಗೊತ್ತಿರಲಿಲ್ಲ. ಅವಳು ಕೇಳಿ, ಎದ್ದು ಒಳಗೆ ಹೋದಳು. ಆಮೇಲೆ ನಾನು ಬಸ್ಸು ಹತ್ತಿ ಮಾಡದಕೆರೆಗೆ ಹೋದೆ. ರುದ್ರೇಶನ ಗಡ್ಡ ಈಗ ಬೆಳ್ಳಗಾಗುತ್ತಿದೆ. ಕಾಯಿಮನೆಯಲ್ಲಿ ಕುರ್ಚಿ ಹಾಕಿಸಿ, "ಕುಂತ್ಕಳ್ರಿ ಭಾವ" ಎಂದ. ನಾನು ಓದಿದೆ. ಅವನು ಕೈಯಲ್ಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾ ಕೇಳಿದ.

"ಅಕ್ಕಂಗೆ ಹೇಳಿದ್ರಾ?"

"ಹೇಳಿದೆ."

"ಏನಂದ್ಲು?"

"ಮಾತಾಡ್ತಾ ಇಲ್ಲ."

ಅವನು ಆ ಕಾಯಿಯನ್ನು ರಾಶಿಗೆ ಹಾಕಿ ಇನ್ನೊಂದನ್ನು ತೆಗೆದುಕೊಂಡ.

"ಇದು ಅಚ್ಚಾಗ್ತೈತೇನು?"

"ನೀನು ಬೇಡ ಅಂದ್ರೆ ಇಲ್ಲ."

"ಆಗ್ಲಿ ಬಿಡ್ರಿ" ಎಂದ. ಆಮೇಲೆ, ನನ್ನ ಕಡೆ ನೋಡದೆ, "ಅಪ್ಪ ಇದ್ದಾಗ ಹೇಳಿದ್ರೆ ಉಪಯೋಗ ಇತ್ತು" ಎಂದ.

ಕಾಗದ ಕೈಯಲ್ಲೇ ಇತ್ತು, ಪೆನ್ನು ಜೇಬಿನಲ್ಲಿತ್ತು.

"ಇದನ್ನೂ ಬರ್ಕಳ್ಲಾ?" ಎಂದು ಕೇಳಿದೆ.

"ಬರ್ಕಳ್ರಿ" ಎಂದ.